ಅಲಗು ಯಾರದು, ಖಡ್ಗ ಯಾರದು?

ಮಲಯ ದ್ವೀಪಗಳ ಹಳೆಯ ಖಡ್ಗಗಳಲ್ಲಿ ಕೆಲವು ಇಬ್ಬಗೆಯ ಹುಟ್ಟಿನವು. ಕೊಂಬಿನಲ್ಲೋ ಮರದಲ್ಲೋ ಕೆತ್ತಿದ ಹಿಡಿಯೂ ಒರೆಯೂ ಆ ನಾಡಿನವು. ಅಲಗು ಮಾತ್ರ ಯೂರೋಪಿನದು. ಪೋರ್ಚುಗೀಸರು 1511ರಲ್ಲಿ ಮಲಕ್ಕಾವನ್ನು ಗೆದ್ದರು; 1641ರಲ್ಲಿ ಅದು ಡಚ್ಚರ ವಶವಾಯಿತು. ಮೆಣಸು ಲವಂಗಗಳು ಪಡುವಲಿಗೆ ಹೋದ ಹಡಗುದಾರಿಯಲ್ಲಿಯೇ ಅಲಗುಗಳು ಮೂಡಲಿಗೆ ಬಂದುವು. ದಖನ್ನಿನಲ್ಲಿಯೂ ಇಂಥ ಅಲಗಿಗೆ ದೇಶೀಯ ಹಿಡಿ ತೊಡಿಸಿ ಅದನ್ನು 'ಫಿರಂಗಿ' ಎಂದು ಕರೆದುದುಂಟು.

ಇವನ್ನು ಗುರುತಿಸುವುದು ಸುಲಭವಲ್ಲ. ಅಲಗಿನುದ್ದಕ್ಕೆ ತೆಗೆದ ತೋಡುಗಳು ಒಂದು ಸುಳಿವು. ಬಗೆಬಗೆಯ ಲೋಹವನ್ನು ಮಡಿಸಿ ಬಡಿದಾಗ ಮೂಡುವ 'ಪಮೋರ್' ಎಂಬ ಚಿತ್ತಾರವಿಲ್ಲದಿರುವುದು ಇನ್ನೊಂದು. ಮುದ್ರೆಯನ್ನು ಕಂಡೊಡನೆ ನಂಬಲಾಗದು. ಜರ್ಮನಿಯ ಪಸ್ಸಾವ್ ನಗರದ ಓಡುವ ತೋಳದ ಮುದ್ರೆಯನ್ನು ಜೋಲಿಂಗೆನ್ನಿನ ಕಮ್ಮಾರರೂ ಒತ್ತಿದರು. ಜಿನೋವಾದ ಕುಡುಗೋಲು ಮುದ್ರೆಯನ್ನು ಭರತಖಂಡದಲ್ಲಿಯೂ ಅನುಕರಿಸಿದರು. ಆದುದರಿಂದ ಮುದ್ರೆ, ಆಕಾರ, ಸವೆತ ಇವೆಲ್ಲವೂ ಒಂದೇ ಸಾಕ್ಷ್ಯವನ್ನು ನುಡಿದಾಗಲೇ ನಿರ್ಣಯವು ಸಾಧ್ಯ.

ಇಲ್ಲಿಗೆ ಪರೀಕ್ಷೆ ಮುಗಿದು ಧರ್ಮವಿಚಾರವು ಮೊದಲಾಗುತ್ತದೆ. ಅಲಗು ಪರದೇಶದ್ದೆಂದು ತಿಳಿದವನು ಹಿಡಿಯನ್ನು ಕಿತ್ತೊಗೆದು ಅದನ್ನು 'ಶುದ್ಧ' ಮಾಡಬಹುದೆ? ಅಥವಾ ಅದರ ಹುಟ್ಟನ್ನು ಮುಚ್ಚಿಟ್ಟು, ಇದು ಅಪ್ಪಟ ಮಲಯ ಖಡ್ಗವೆಂದು ಮಾರಬಹುದೆ?

ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರನು ನಿಮಿತ್ತ ಕಾರಣವೆಂದು ನಮ್ಮ ತಾರ್ಕಿಕರು ಹೇಳುತ್ತಾರೆ. ಮಣ್ಣು ಯಾವ ಕೆರೆಯದಾದರೂ ಮಡಕೆಯನ್ನು ಆ ಕೆರೆಯದೆಂದು ಯಾರೂ ಕರೆಯರು. ಆದರೆ ಈ ಉಪಮಾನವು ಪೂರ್ತಿಯಾಗಿ ಸಲ್ಲದು. ಅಲಗು ಬರಿಯ ಮಣ್ಣಲ್ಲ. ಅದೂ ಒಬ್ಬ ಕಮ್ಮಾರನ ಕೃತಿಯೇ. ಅವನ ದುಡಿಮೆಯನ್ನು ಮರೆಸುವುದು ಕೃತಘ್ನತೆ. ಹಾಗೆಂದು ಹಿಡಿಯನ್ನು ಕೀಳುವವನು, ಆ ಅಲಗನ್ನು ತನ್ನ ಕೈಗೂ ತನ್ನ ಕುಲದ ಮರ್ಯಾದೆಗೂ ಒಗ್ಗಿಸಿಕೊಂಡ ಇನ್ನೊಬ್ಬನ ದುಡಿಮೆಯನ್ನು ಅಳಿಸುತ್ತಾನೆ. ಒಬ್ಬನು ಅಳಿಸುತ್ತಾನೆ, ಇನ್ನೊಬ್ಬನು ಅಡಗಿಸುತ್ತಾನೆ. ಇಬ್ಬರೂ ಅರೆಸತ್ಯವನ್ನೇ ಪೂರ್ಣಸತ್ಯವೆನ್ನುತ್ತಾರೆ. ಅಳಿಸಿದವನ ತಪ್ಪು ಹೆಚ್ಚಿನದು. ಮುಚ್ಚಿಟ್ಟ ಮಾತನ್ನು ನಾಳೆ ಹೇಳಬಹುದು, ಕಿತ್ತ ಹಿಡಿಯನ್ನು ಮೊದಲಿದ್ದಂತೆ ಕೂಡಿಸಲಾಗದು.

'ಚಾವಿ' ಎಂಬ ಮಾತು ಪೋರ್ಚುಗೀಸರಿಂದ ಬಂದುದು. ಅಷ್ಟರಿಂದ ನಮ್ಮ ಪೆಟ್ಟಿಗೆಯು ಅವರದಾಗಲಿಲ್ಲ. ಆ ಮಾತಿನ ಹುಟ್ಟನ್ನು ಮರೆಸಿದರೆ ನಮಗೆ ಹಿರಿಮೆಯೂ ಬಾರದು. ಖಡ್ಗದ ಮಾತೂ ಹಾಗೆಯೇ. ಅಲಗು ಯೂರೋಪಿನದು, ಖಡ್ಗವು ಮಲಯರದು ಎಂದು ಎರಡನ್ನೂ ಹೇಳಬೇಕು. ಸಂಶಯವಿದ್ದಲ್ಲಿ ಸಂಶಯವನ್ನೂ ಹೇಳಬೇಕು. ಬೆಲೆ ತಗ್ಗೀತೆಂಬ ಅಂಜಿಕೆಯು ಮಾರುವವನದು. ಅದು ಸತ್ಯದ ಹೊರೆಯಲ್ಲ.