ಕುಡಿಯದವರ ಲೋಟ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದವರು ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ 200 ಮಿಲಿಲೀಟರಿನ ಪುಟ್ಟ ಗಾಜಿನ ಬಾಟಲಿಗಳ ಸಾಲನ್ನು ನೋಡಿರಬಹುದು. ಒಳಗಿರುವುದು ಜಿಂಜರ್ ಏಲ್. ಹೆಸರು ಹಾಗಿದ್ದರೂ ಅದರಲ್ಲಿ ಮದ್ಯವಿಲ್ಲ, ಶುಂಠಿ ಸೋಡಾ ಅನ್ನಿ. ಒಂದಕ್ಕೆ ಸೇಬಿನ ಮರದ ಹೊಗೆಯ ಕಂಪು, ಇನ್ನೊಂದಕ್ಕೆ ಕಿತ್ತಳೆ ಮತ್ತು ದಾಲ್ಚಿನ್ನಿಯ ರುಚಿ. ವಿಸ್ಕಿಗೋ ರಮ್ಮಿಗೋ ಬೆರೆಸಲೆಂದೇ ಮಾಡಿದ್ದು. ಬರೀ ಸೋಡಾಕ್ಕೆ ಇಷ್ಟೊಂದು ಬೆಲೆಯೇ ಎಂದು ನಮ್ಮಂಥವರ ಹುಬ್ಬೇರುತ್ತದೆ.

ಮೊದಲು ಇದಕ್ಕೆ ಇಷ್ಟು ಮರ್ಯಾದೆ ಇರಲಿಲ್ಲ. ಔಷಧಶಾಸ್ತ್ರ ಓದಿದ್ದ ಟೊರೊಂಟೊದ ಜಾನ್ ಮೆಕ್‌ಲಾಫ್ಲಿನ್ 1904ರಲ್ಲಿ ಕೆನಡಾ ಡ್ರೈ ಎಂಬ ತಿಳಿಬಣ್ಣದ ಜಿಂಜರ್ ಏಲ್ ತಂದರು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಆಗ ಕಳ್ಳಬಟ್ಟಿಯ ನಾತ ಮುಚ್ಚಲು ಶುಂಠಿಯ ಖಾರ ಚೆನ್ನಾಗಿ ಒದಗಿಬಂತು. 2005ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ರೋಲ್ಸ್ ಮತ್ತು ಟಿಮ್ ವಾರಿಲೋ ಫೀವರ್-ಟ್ರೀ ಹೆಸರಿನಲ್ಲಿ ಮದ್ಯಕ್ಕೆ ಬೆರೆಸುವ ಸೋಡಾಗಳ ವ್ಯಾಪಾರಕ್ಕಿಳಿದಾಗ ಅವರ ವಾದ ಸರಳವಾಗಿತ್ತು: ಲೋಟದ ಮುಕ್ಕಾಲು ಭಾಗ ಬೆರೆಸುವ ಸೋಡಾವೇ ಆಗಿರುವಾಗ ಅದೇ ಕಳಪೆಯಾದರೆ ಹೇಗೆ? ಅವರ ಜಿಂಜರ್ ಏಲ್‌ಗೆ ನೈಜೀರಿಯಾ, ಐವರಿ ಕೋಸ್ಟ್ ಮತ್ತು ನಮ್ಮ ಪಕ್ಕದ ಕೊಚ್ಚಿ, ಮೂರೂ ಕಡೆಯ ಶುಂಠಿ ಬೇಕು. ಶುಂಠಿ ಶುಂಠಿಗೂ ವ್ಯತ್ಯಾಸವಿದೆ ಎಂಬುದು ಕಷಾಯಕ್ಕೆ ಒಣಶುಂಠಿ ಕುಟ್ಟುವವರಿಗೆ ಹೊಸ ಸುದ್ದಿಯೇನಲ್ಲ. ಹಸಿಯದರಲ್ಲಿರುವ ಜಿಂಜರಾಲ್ ಎಂಬ ಖಾರದ ಅಂಶ ಒಣಗಿದಾಗ ಶೋಗಾಲ್ ಆಗುತ್ತದೆ, ಖಾರ ಏರುತ್ತದೆ.

ನನಗೆ ಹಿಡಿಸಿದ್ದು ಮಾತ್ರ ವಿಸ್ಕಿಯ ಸಂಗತಿಯಲ್ಲ. ಸೋಡಾ ರುಚಿಯಾದ ಮೇಲೆ ಅದನ್ನಷ್ಟೇ ಕುಡಿಯುವವರಿಗೂ ಒಂದು ಒಳ್ಳೆಯ ಲೋಟ ಸಿಕ್ಕಿತು. ನಮ್ಮ ಕೂಟಗಳನ್ನು ನೆನೆಯಿರಿ. ಬಡ್ತಿಯ ಪಾರ್ಟಿಯಿರಲಿ, ಹಳೆಯ ಸಹಪಾಠಿಗಳ ಮಿಲನವಿರಲಿ, ಕುಡಿಯುವವರಿಗೆ ಗಾಜಿನ ಲೋಟ, ಐಸು, ಗೋಡಂಬಿ, ಯಾವ ಬ್ರ್ಯಾಂಡು ಬೇಕೆಂಬ ಉಪಚಾರ. ಕುಡಿಯದವನಿಗೆ ಆಗಲೇ ಗ್ಯಾಸ್ ಹೋದ ಎರಡು ಲೀಟರಿನ ಬಾಟಲಿಯಿಂದ ಕೋಲಾ, ಅದೂ ಪ್ಲಾಸ್ಟಿಕ್ ಲೋಟದಲ್ಲಿ. ಜೊತೆಗೆ 'ಯಾಕಯ್ಯಾ, ಹೆಂಡತಿ ಬೈತಾಳಾ?' ಎಂಬ ವಿಚಾರಣೆ ಬೇರೆ! ಆತ ಮೊದಲಿನಿಂದಲೂ ಮುಟ್ಟದವನಿರಬಹುದು, ಡಾಕ್ಟರು ಬೇಡವೆಂದಿರಬಹುದು, ಬಹಳ ಕಷ್ಟಪಟ್ಟು ಬಿಟ್ಟವನೂ ಇರಬಹುದು. ರಾತ್ರಿ ಉಳಿದವರನ್ನೆಲ್ಲ ಕಾರಿನಲ್ಲಿ ಮನೆಗೆ ತಲುಪಿಸುವವನು ಸಾಮಾನ್ಯವಾಗಿ ಅವನೇ. ಕಾರಣ ಕೇಳುವುದು ಆತಿಥೇಯರ ಕೆಲಸವಲ್ಲ, ಲೋಟ ತುಂಬಿಸುವುದು ಅವರ ಕೆಲಸ.

ಇದಕ್ಕಾಗಿ ದುಬಾರಿ ಬಾಟಲಿಯನ್ನೇ ತರಬೇಕೆಂದಿಲ್ಲ. ಸಾಮಾನ್ಯ ಜಿಂಜರ್ ಏಲ್‌ನಲ್ಲಿ ಸಕ್ಕರೆಯೂ ಕಡಿಮೆಯೇನಿಲ್ಲ. ಹಸಿಶುಂಠಿ ಜಜ್ಜಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿ, ಸೋಸಿ ಫ್ರಿಜ್ಜಿನಲ್ಲಿಡಿ. ಕೊಡುವಾಗ ಅರ್ಧ ನಿಂಬೆ ಹಿಂಡಿ, ತಣ್ಣನೆಯ ಸೋಡಾ ಸುರಿದರೆ ಆಯಿತು. ಸೋಡಾ ಚಿಕ್ಕ ಬಾಟಲಿಯದೇ ಇರಲಿ, ದೊಡ್ಡದನ್ನು ಒಮ್ಮೆ ತೆರೆದಿಟ್ಟರೆ ಗ್ಯಾಸ್ ನಿಲ್ಲುವುದಿಲ್ಲ. ಲೋಟವೂ ಉಳಿದವರಿಗೆ ಕೊಟ್ಟಂಥದ್ದೇ ಇರಲಿ. ಮುಂದಿನ ಸಲ ನಿಮ್ಮ ಮನೆಯಲ್ಲಿ ನಾಲ್ಕು ಜನ ಸೇರುವಾಗ ಸಾಮಾನಿನ ಚೀಟಿಯಲ್ಲಿ ಶುಂಠಿ, ನಿಂಬೆ, ಸೋಡಾವನ್ನು ಮೊದಲೇ ಬರೆದುಕೊಳ್ಳಿ.