ಅಕ್ಕರೆಯೋ, ಲೆಕ್ಕವೋ

ಕುಮಟೆಯ ಹತ್ತಿರ, ಅಘನಾಶಿನಿಯ ಅಂಚಿನ ಗಜನಿ ಗದ್ದೆಯಲ್ಲಿ ನನ್ನ ತಮ್ಮನ ಸೀಗಡಿ ಹೊಂಡವಿದೆ. ಈ ಸಲ ತವರಿಗೆ ಹೋದಾಗ ಅವನು ಬೆಲ್ಲದ ನೀರಿನಲ್ಲಿ ಯಾವುದೋ ಪುಡಿ ಕದಡಿ, ಸೀಗಡಿಯ ಮೇವಿಗೆ ಬೆರೆಸಿ, ನೆರಳಿನಲ್ಲಿ ಹರವುತ್ತಿದ್ದ. ಔಷಧಿಯೇನೋ ಎಂದೆ.

“ಅಲ್ಲ ಅಕ್ಕಾ, ಪ್ರೊಬಯಾಟಿಕ್. ಒಳ್ಳೆಯ ಬ್ಯಾಕ್ಟೀರಿಯಾ ಕರುಳು ತುಂಬಿದರೆ ಕೆಟ್ಟವಕ್ಕೆ ಜಾಗ ಸಿಗೂದಿಲ್ಲ. ನಮ್ಮ ಮೊಸರಿದ್ದ ಹಾಗೆ.”

ಜ್ವರ ಬಿಟ್ಟ ಮೇಲೆ ಅಮ್ಮ ಕಲಸಿ ಕೊಡುತ್ತಿದ್ದ ಮೊಸರನ್ನ ನೆನಪಾಯಿತು. ಆಂಟಿಬಯಾಟಿಕ್ ಸುರಿದು, ಅದರ ಶೇಷವನ್ನು ತಿನ್ನುವವರ ತಟ್ಟೆಗೂ ದಾಟಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಮನಸ್ಸು ಪೂರಾ ಒಪ್ಪಲಿಲ್ಲ.

ಅಪ್ಪನ ಕಾಲದಲ್ಲಿ ಇಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಬ್ಬರದ ನೀರಿನೊಡನೆ ತಾನಾಗಿ ಬಂದ ಸೀಗಡಿ. ಮೇವೂ ಇಲ್ಲ, ಮದ್ದೂ ಇಲ್ಲ. ಈಗ, 2009ರಲ್ಲಿ ನಮ್ಮ ದೇಶದಲ್ಲಿ ಸಾಕಲು ಅನುಮತಿ ಸಿಕ್ಕ ವನ್ನಾಮಿ. ತಮ್ಮ ಬಿಟ್ಟದ್ದು ಚದರ ಮೀಟರಿಗೆ 60 ಮರಿ. ಒತ್ತೊತ್ತಾಗಿ ತುಂಬಿ ರೋಗಕ್ಕೆ ದಾರಿ ಮಾಡುವವರೂ ನಾವೇ, ಮೊಸರು ಬಡಿಸುವವರೂ ನಾವೇ. ಇದು ಅಕ್ಕರೆಯೋ, ಲೆಕ್ಕವೋ?

“ಸ್ವಲ್ಪ ಕಡಿಮೆ ಬಿಡಬಾರದೇನೋ?”

“ಸಾಲ ಯಾರು ತೀರಿಸ್ತಾರೆ ಅಕ್ಕಾ?”

ಬಾಯಿ ಕಟ್ಟಿತು. ಅವನು ಅಡವಿಟ್ಟ ಒಡವೆಗಳಲ್ಲಿ ನನ್ನ ಎರಡು ಬಳೆಗಳೂ ಇದ್ದವು. ಫೋನು ಮಾಡಿದಾಗಲೆಲ್ಲ “ಬಳೆ ಯಾವಾಗ ಬಿಡಿಸ್ತೀ?” ಎಂದು ಕೇಳುತ್ತಿದ್ದವಳು ನಾನೇ. ಆ 60ರ ಲೆಕ್ಕದಲ್ಲಿ ನನ್ನ ಪಾಲೂ ಇತ್ತು.

ಬಸ್ಸು ಹತ್ತುವ ಮೊದಲು ಹೇಳಿದೆ: “ಮುಂದಿನ ಬೆಳೆಗೆ ಅರ್ಧ ಮರಿ ಬಿಡು. ಬಳೆಗೆ ಅವಸರವಿಲ್ಲ.”

ಅವನು ಹೂಂ ಎನ್ನಲಿಲ್ಲ. ಊಹೂಂ ಎನ್ನಲೂ ಇಲ್ಲ.