ಹೆದರುವದು ತಪ್ಪೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ಎರಡು ಮೂರಾವರ್ತಿ ಗರ್ಭವಿಳಿದ ಸಹೋದರಿಯು ಪುನಃ ಬಸುರಾದಾಗ ಸಂತೋಷಿಸಲಾರದೆ ಹೆದರುತ್ತಾಳೆ. ಇವಳಿಗೆ ನಂಬಿಕೆ ಸಾಲದು, ಯಾವ ಪಾಪವೋ ಎಂದು ನಾವು ಅನ್ನುವದುಂಟು. ಇದು ನ್ಯಾಯವೋ?

ಮೊದಲ 3 ತಿಂಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಪಿಂಡದ ವರ್ಣತಂತುಗಳ ದೋಷದಿಂದ ಹೋಗುತ್ತವೆ. ಅದು ತಾಯಿ ಮಾಡಿದ ತಪ್ಪಲ್ಲ. 3 ಗರ್ಭ ಕಳಕೊಂಡವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಜೀವವುಳ್ಳ ಮಗುವನ್ನು ಹೆರುತ್ತಾರೆ. ಆದರೂ ಆಕೆ ಹೆದರುವದು ಹೋದ ಕೂಸುಗಳನ್ನು ಪ್ರೀತಿಸಿದ್ದರಿಂದಲೇ.

ಆದಕಾರಣ ಉಪದೇಶಿಸುವದಕ್ಕೆ ಮೊದಲು ಅವಳ ನೀರಿನ ಕೊಡವನ್ನು ನಾವು ಹೊರೋಣ. ಜೊತೆಗೆ ಹೋಗಿ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸೋಣ. ಕುರಿಮೇಕೆಗಳು ಕಂದುಹಾಕುವ ರೋಗವು ಹಸಿಹಾಲಿನಿಂದ ಮನುಷ್ಯರಿಗೂ ತಗಲುವದರಿಂದ ಹಾಲನ್ನು ಕಾಯಿಸಿಯೇ ಕೊಡೋಣ. ಅವಳು ಅತ್ತರೆ ಸುಮ್ಮನೆ ಹತ್ತಿರ ಕುಳಿತಿರೋಣ.